ಸರಿಯುವ ಬಾಗಿಲಿನ ಕೀಲಿ

ಕಾಶಪ್ಪನ ಮೊಣಕಾಲುಗಳನ್ನು ಮಡಚಿ, ಬೆನ್ನಿಗೆ ಗೋಡೆ ಕೊಟ್ಟು ಕೂಡಿಸುವ ಹೊತ್ತಿಗೆ ಚಾಳದ ನಳಕ್ಕೆ ನೀರು ಬಂದು ಅರ್ಧ ತಾಸಾಗಿತ್ತು. ಮಳೆ ಹಿಂದೆ ಸರಿದು ವಾರವಾಗಿತ್ತಷ್ಟೆ. ಬಿಸಿಲು ಬಿದ್ದಲ್ಲೆಲ್ಲ ಒದ್ದೆ ಗೋಡೆಗಳು ಹಬೆಯಾಡುತ್ತಿದ್ದವು. ಊರಲ್ಲಾದರೆ ಹಿಂಗಾರಿ ಜೋಳ ಬಿತ್ತುವ ದಿನಗಳು. ಮುಂಬಯಿಯ ಮಲಾಡಿನ ಈ ಚಾಳದಲ್ಲಿ ಹೆಂಗಸರು ಕೊಡ ತುಂಬಿಕೊಳ್ಳುತ್ತ, ಒಬ್ಬೊಬ್ಬರಾಗಿ ಕಾಶಪ್ಪನ ಖೋಲಿಯ ಕಡೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಹೋಗುತ್ತಿದ್ದರು.

"ಬಲಗಾಲು ಇನ್ನಷ್ಟು ಒಳಗ ತಗೋ ಸಿದ್ದಲಿಂಗಪ್ಪ. ತಡಾ ಆದ್ರ ಮೈ ಕಟಗಿ ಆಕ್ಕೈತಿ" ಎಂದು ಚನ್ನಬಸಯ್ಯ ಹೇಳಿದರು. ಅವರು ಕಾಂದಿವಲಿಯ ಒಂದು ಕಾರಖಾನೆಯಲ್ಲಿ ಲೆಕ್ಕ ಬರೆಯುವವರು. ಈ ಭಾಗದ ಲಿಂಗವಂತರ ಮನೆಗಳಲ್ಲಿ ಸಾವಾದರೆ, ಮದುವೆಯಾದರೆ ಅಯ್ಯನವರಾಗಿ ಬರುವವರೂ ಅವರೇ.

ಸಿದ್ದಲಿಂಗಪ್ಪ ಕಾಶಪ್ಪನ ಕಾಕಾನ ಮಗ, ಬಟ್ಟೆ ಅಂಗಡಿಯ ಗುಮಾಸ್ತ. ಬೆಳಿಗ್ಗೆಯಿಂದ ಓಡಾಡಿ ಅವನ ಧೋತರದ ಅಂಚು ಕೆಸರಾಗಿತ್ತು. ಪಕ್ಕದ ಖೋಲಿಯ, ಗಿರಣಿಯಲ್ಲಿ ದುಡಿಯುವ ಮರಾಠಿಯವರು ಕೇಳದೆಯೇ ಎರಡು ಬಿದಿರು ತಂದು ಹೊರಗೆ ಚಟ್ಟ ಕಟ್ಟಲು ಶುರುಮಾಡಿದ್ದರು. ಅವರಿಗೆ ಕೈಮುಗಿದು, ನಮ್ಮಲ್ಲಿ ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ, ಹೂಳುವುದೂ ಕೂತಂತೆಯೇ ಎಂದು ಅವನು ತಿಳಿಸಿ ಹೇಳಿದ್ದ. ಅವರು ಬೇಜಾರು ಮಾಡಿಕೊಳ್ಳದೆ ಕಟ್ಟಿದ್ದನ್ನು ಬಿಚ್ಚಿ, ಅದೇ ಬಿದಿರಿನಿಂದ ಕೂಡಿಸಿ ಒಯ್ಯುವ ವಿಮಾನ ಕಟ್ಟಲು ಕೂತಿದ್ದರು.

"ವಿಜಾಪುರಕ್ಕ ತಾರ್ ಕೊಟ್ಟಿ?" ಎಂದರು ಚನ್ನಬಸಯ್ಯ.

"ಕೊಟ್ನಿರಿ. ಮಗಳು ಬರೂದು ನಾಡದ. ಆಕಿ ಬರೂತನಕ ಇಡಾಕ ಆಗೂದಿಲ್ಲ."

"ಮುಂದಿನ ತಿಂಗಳಾ ಒಂದನೇ ತಾರೀಖಿಗೆ ವಿಜಾಪುರ ಮುಂಬಯಿ ರಾಜ್ಯದಾಗ ಇರೂದಿಲ್ಲಂತ. ಮೈಸೂರಿಗೆ ಕೂಡಸ್ತಾರಂತ."

"ನಮ್ಮಣ್ಣಗ ಅದರ ಚಿಂತಿ ತಪ್ಪಿತು ಬಿಡ್ರಿ. ಯಾವ ರಾಜ್ಯದಾಂವ ಅಂತ ಯಾರೂ ಕೇಳೂದಿಲ್ಲ ಇನ್ನ."

ಇಬ್ಬರೂ ಸ್ವಲ್ಪ ನಕ್ಕರು. ನಕ್ಕದ್ದು ತಪ್ಪೆನಿಸಿ ಮತ್ತೆ ಬಲಗಾಲಿಗೆ ಕೈ ಹಾಕಿದರು.

ಮಲ್ಲವ್ವ ಗಂಡನ ಎಡಮಗ್ಗುಲಿಗೆ ಕೂತಿದ್ದಳು. ಅತ್ತಿರಲಿಲ್ಲ. ಅವನು ನಸುಕಿನಲ್ಲಿ ಎದ್ದು ನೀರು ಕೇಳಿದ್ದ. ಕುಡಿದು, ಲೋಟವನ್ನು ತಾನೇ ಪಕ್ಕಕ್ಕಿಟ್ಟು, ಹಾಗೇ ವಾಲಿದ್ದ. ಅಷ್ಟೇ. ಅವನ ಎಡಗೈಯಲ್ಲಿ ಚನ್ನಬಸಯ್ಯ ಲಿಂಗ ಇಟ್ಟರು. ಬೆರಳುಗಳು ಅದರ ಸುತ್ತ ತಾವಾಗಿಯೇ ಮಡಚಿಕೊಂಡಂತೆ ಕಂಡಿತು.

"ಆ ಬೆರಳು ನೋಡ್ರಿ" ಎಂದ ಸಿದ್ದಲಿಂಗಪ್ಪ. "ಬಾಂದ್ರಾದಿಂದ ಕಾಂದಿವಲಿ ತನಕ ಸಾಹೇಬರ ಬಂಗಲೆದಾಗ ನಮ್ಮಣ್ಣನ ಕೀಲಿ ಅದಾವು. ಕಣ್ಣು ಮುಚ್ಚಿ ಕೀಲಿ ಮಾಡೂ ಮನಶ್ಯಾ. ಇಂಥಾ ಕೈ ಇನ್ನ ಹುಟ್ಟೂದಿಲ್ಲ."

ಬಾಗಿಲಲ್ಲಿ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಮಲ್ಲವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

*

ಏಳು ವರ್ಷದ ಹಿಂದಿನ ಮಾತು. ಸಾಂತಾಕ್ರೂಜಿನಲ್ಲಿ ಒಂದು ಹೊಸ ಬಂಗಲೆ ಎದ್ದಿತ್ತು. ಅದರ ಹಿಂಬದಿಗೆ ತೋಟ. ತೋಟಕ್ಕೆ ಹೋಗುವ ಬಾಗಿಲು ತಿರುಗುಣಿಯ ಮೇಲೆ ತೆರೆಯುವಂಥದಲ್ಲ. ಗಾಜು ಕೂಡಿಸಿದ ದೊಡ್ಡ ಹಲಗೆ, ಕೆಳಗಿನ ಪಟ್ಟಿಯ ಮೇಲೆ ಒಂದು ಮಗ್ಗುಲಿಗೆ ಸರಿಯುವಂಥದು. ಕಾಶಪ್ಪ ಅಂಥ ಬಾಗಿಲಿಗೆ ಅದುವರೆಗೆ ಕೀಲಿ ಹಾಕಿರಲಿಲ್ಲ. ಹಾಕಿಲ್ಲ ಅನ್ನಲು ಬಾಯಿ ಬರಲಿಲ್ಲ. ಅಳತೆ ತೆಗೆದು, ಮರ ಕೊರೆದು, ತನಗೆ ಗೊತ್ತಿದ್ದ ಎಲ್ಲ ಕೀಲಿಗಳಂತೆ ಇದನ್ನೂ ಕೂಡಿಸಿದ. ಕೀಲಿಕೈ ತಿರುವಿದಾಗ ಕೀಲಿಯ ಉಕ್ಕಿನ ನಾಲಿಗೆ ನೆಟ್ಟಗೆ ಹೊರಬಂದು ಚೌಕಟ್ಟಿನ ತೂತಿನೊಳಗೆ ಹೊಕ್ಕಿತು. ಮನೆಯ ಯಜಮಾನಿತಿಗೆ ಕೀಲಿಕೈ ಒಪ್ಪಿಸಿ ಪಕ್ಕಕ್ಕೆ ನಿಂತ. ಅವರ ಮನೆಯ ನಾಲ್ಕು ವರ್ಷದ ಹುಡುಗಿ ಬಂದು ಬಾಗಿಲಿಗೆ ಕೈ ಹಚ್ಚಿ ಸರಿಸಿತು. ಬಾಗಿಲು ಹಾಗೇ ಸರಿಯಿತು. ನೆಟ್ಟಗೆ ಹೋದ ನಾಲಿಗೆ ನೆಟ್ಟಗೇ ಹೊರಬಂದಿತ್ತು. ಕೀಲಿ ಬಿದ್ದೇ ಇತ್ತು, ಬಾಗಿಲು ತೆರೆದಿತ್ತು.

ಮನೆಗೆ ಬಂದವನು ಊಟಕ್ಕೆ ಕೂಡಲಿಲ್ಲ. ಮಲ್ಲವ್ವ ಎರಡು ಸಲ ಕೇಳಿದ ಮೇಲೆ, ಒಂದು ಕಡ್ಡಿಪೆಟ್ಟಿಗೆಯನ್ನು ಸರಿಸಿ ತೋರಿಸಿ, ತನ್ನ ಮಾನ ಹೋದ ಬಗೆಯನ್ನು ಹೇಳಿದ.

ಮಲ್ಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಡ್ಡಿಪೆಟ್ಟಿಗೆಯನ್ನು ತಾನೂ ಎರಡು ಸಲ ಸರಿಸಿ ನೋಡಿದಳು. "ಜ್ವಾಳದ ದಂಟನ್ನ ಯಾರರ ಕೋಲು ಚುಚ್ಚಿ ಹಿಡೀತಾರೇನ್ರಿ? ಕುಡಗೋಲು ಹಾಕಿ ಹಿಡೀತಾರ. ಅದರ ನಾಲಿಗಿ ಡೊಂಕ ಮಾಡ್ರಿ. ಮ್ಯಾಲಿಂದ ಇಳದು ಒಳಗ ಅವಚಬೇಕು. ಎಳದಷ್ಟೂ ಅದು ಹಿಡಕೋತೈತಿ."

ಕಾಶಪ್ಪ ಅವಳ ಮುಖವನ್ನೇ ನೋಡುತ್ತ ಕೂತ. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು.

ವಾರದೊಳಗೆ ಆ ಬಾಗಿಲಿಗೆ ಡೊಂಕು ನಾಲಿಗೆಯ ಕೀಲಿ ಬಿತ್ತು. ಇಂಥ ಕೊಕ್ಕೆಯ ನಾಲಿಗೆ ವಿಲಾಯತಿ ಕೀಲಿಗಳಲ್ಲಿ ಮೊದಲೇ ಇತ್ತೆಂಬುದು ಅವನಿಗೆ ಗೊತ್ತಾದದ್ದು ಆಮೇಲೆ. ಅದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಹೊಲ ಕೊಯ್ದ ಕೈಗೆ ತಾನಾಗಿ ಹೊಳೆದದ್ದು ಚಿಕ್ಕದಾಗುವುದು ಅವನಿಗೆ ಬೇಡವಾಗಿತ್ತು.

*

ಹನ್ನೊಂದೂವರೆಯ ಸುಮಾರಿಗೆ ಅಂಗಾರ ಬಂದ. ಮಲಾಡ್ ಮಾರ್ಕೆಟ್ಟಿನಲ್ಲಿ ಅವನದೊಂದು ಕೀಲಿಯ ಗೂಡಂಗಡಿ. ಮಂಗಳೂರಿನ ಕಡೆಯವನು, ಕಾಶಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಹೆಣದ ಮುಂದೆ ಮೊಣಕಾಲೂರಿ ಕೈಮುಗಿದು, ಹೊರಗೆ ಗ್ಯಾಲರಿಗೆ ಬಂದು ನಿಂತ. ಏನೋ ಹೇಳುವುದಿತ್ತು, ಹೇಳಲು ಹಿಂಜರಿಯುತ್ತಿದ್ದ.

"ಏನಪಾ?" ಎಂದ ಸಿದ್ದಲಿಂಗಪ್ಪ.

"ಎಂತ ಹೇಳುದು ಮಾರಾಯ್ರೆ. ಇದು ಹೇಳುವ ಹೊತ್ತಲ್ಲ. ಸಾಂತಾಕ್ರೂಜಿನ ಸುಮಿತ್ರಮ್ಮನ ಮನೆ ಉಂಟಲ್ಲ, ಕಾಶಪ್ಪ ಮೇಸ್ತ್ರಿ ನಿನ್ನೆ ಅಲ್ಲಿ ತೋಟದ ಸರಿಯುವ ಬಾಗಿಲಿನ ಸವೆದ ಹಳೆ ಕೀಲಿ ಕಿತ್ತು ತೆಗೆದಿದ್ದಾರೆ. ಹೊಸತು ಇವತ್ತು ಬೆಳಿಗ್ಗೆ ತರ್ತೇನೆ ಅಂದಿದ್ರಂತೆ."

"ಮತ್ತ?"

"ಮತ್ತೆಂತ. ಯಜಮಾನ್ರು ಶಾಮಣ್ಣನವರು ಟೂರಿನಲ್ಲಿದ್ದಾರೆ, ಬರುದು ಶುಕ್ರವಾರ. ಕಳೆದ ವಾರ ಪಕ್ಕದ ಬಂಗಲೆಗೆ ಕಳ್ಳರು ನುಗ್ಗಿದ್ದು. ಆಯಮ್ಮ ರಾತ್ರಿಯಿಡೀ ಬಾಗಿಲಿಗೆ ಮಂಚ ಅಡ್ಡ ಇಟ್ಟು, ಮಕ್ಕಳನ್ನು ಅಪ್ಪಿಕೊಂಡು ಕೂತಿದ್ರಂತೆ. ಬೆಳಿಗ್ಗೆ ಮೇಸ್ತ್ರಿ ಬರ್ಲಿಲ್ಲ ಅಂತ ಇಲ್ಲಿಗೆ ಆಳು ಕಳಿಸಿ, ಮತ್ತೆ ನನ್ನನ್ನೂ ಕರೆಸಿದ್ರು. ಮೇಸ್ತ್ರಿ ತೀರಿಕೊಂಡ್ರು ಅಂತ ಅಲ್ಲೇ ನನಗೆ ಗೊತ್ತಾದ್ದು. ಆಯಮ್ಮ ಅತ್ತುಬಿಟ್ರು. ಕೀಲಿ ಗೀಲಿ ಏನೂ ಬೇಡಪ್ಪ, ಅವರ ಮನೆಯಲ್ಲಿ ಈ ಮಾತೇ ಎತ್ತಬೇಡ ಅಂದ್ರು. ನಾನು ಎತ್ತಿಬಿಟ್ಟೆ."

ಸಿದ್ದಲಿಂಗಪ್ಪ ತಡಮಾಡಲಿಲ್ಲ. "ಎತ್ತಿದ್ದು ಚಲೋ ಆತು. ಕಾಶಪ್ಪ ಮಾತು ಕೊಟ್ಟು ತಪ್ಪಿದ ಅಂತ ಒಬ್ಬರೂ ಅನಬಾರದು. ಅಣ್ಣನ ಚೀಲ ಇಲ್ಲೇ ಐತಿ. ಕೀಲಿ ಎಲ್ಲಾ ಆದಂಗ ಐತಿ, ಉಳದದ್ದನ್ನ ನೀ ಮುಗಸು. ಮಣ್ಣಿಗೆ ಹೋಗೂದು ಮೂರು ಗಂಟೆಕ್ಕ. ಅಷ್ಟರಾಗ ಆಗತೈತಿಲ್ಲೊ?"

"ನೋಡ್ವ" ಎಂದು ಅಂಗಾರ ಗ್ಯಾಲರಿಯಲ್ಲೇ ಕೂತ.

ಚೀಲದಲ್ಲಿ ಕೀಲಿಯ ಪೆಟ್ಟಿಗೆ, ಎರಡು ಕೀಲಿಕೈ, ಎಣ್ಣೆಬಟ್ಟೆಯಲ್ಲಿ ಸುತ್ತಿದ ನಾಲಿಗೆ ಇದ್ದವು. ನಾಲಿಗೆಯನ್ನು ಬಿಚ್ಚಿ ಅಂಗಾರ ಬೆಳಕಿಗೆ ಹಿಡಿದ. ಹೆಬ್ಬೆರಳಿನಷ್ಟುದ್ದದ ಉಕ್ಕಿನ ಕುಡಗೋಲು. ಪೆಟ್ಟಿಗೆಯ ಸೀಳಿನೊಳಗೆ ಇಳಿಸಿ ನೋಡಿದ. ಡೊಂಕಿನ ಹೊಟ್ಟೆಯ ಹತ್ತಿರ ತಡೆಯಿತು. ಅಲ್ಲಿ ಉಕ್ಕು ಸ್ವಲ್ಪ ಉಬ್ಬಿತ್ತು. ಉಬ್ಬು ಉಳಿದಿರುವುದೇ ಬಾಕಿ ಕೆಲಸ ಅಂದುಕೊಂಡು, ಉಕ್ಕು ತಿಕ್ಕುವ ಕಾನಸು ತೆಗೆದು ಉಜ್ಜತೊಡಗಿದ.

ಒಳಗೆ ಚನ್ನಬಸಯ್ಯ ಮಂತ್ರ ಹೇಳುತ್ತಿದ್ದರು. ಹೆಂಗಸರು ಬಿಲ್ವಪತ್ರೆ ಆರಿಸುತ್ತಿದ್ದರು. ಕಾನಸಿನ ಸಪ್ಪಳ ಅವರಾರಿಗೂ ಹೊಸದಲ್ಲ. ಈ ಖೋಲಿಯಿಂದ ವರ್ಷಗಳಿಂದ ಕೇಳಿದ್ದೇ. ಮಲ್ಲವ್ವ ಮಾತ್ರ ತಲೆಯೆತ್ತಿದಳು. ಮೊದಲ ಎಳೆತಕ್ಕೆ ಅವಳ ಹುಬ್ಬು ಗಂಟಾದವು. ಎರಡನೆಯದಕ್ಕೆ ಅವಳ ಕೈ ನೆಲ ಹಿಡಿಯಿತು. ಕಾನಸು ಅಡ್ಡ ಹೋಗುತ್ತಿತ್ತು. ಡೊಂಕಿನ ಜೊತೆಗೆ ಹೋದರೆ ಅದು ಹಾಡುತ್ತದೆ. ಅಡ್ಡ ಹೋದರೆ ಕಿರುಚುತ್ತದೆ. ಹೊರಗೆ ಕೂತವನು ಕೊಕ್ಕೆಯ ಹೊಟ್ಟೆಯನ್ನು ತೆಗೆಯುತ್ತಿದ್ದ. ಅದು ಹೋದರೆ ನಾಲಿಗೆ ಚೌಕಟ್ಟಿನ ಕಬ್ಬಿಣದ ಪಟ್ಟಿಯ ಹಿಂದೆ ಅವಚುವುದಿಲ್ಲ. ಇನ್ನು ಹತ್ತು ಎಳೆತ ಸಾಕು, ಹನ್ನೆರಡು ದಿನದ ದುಡಿತ ತಗಡಾಗಲು.

ಅವಳು ಗಂಡನ ಮುಖ ನೋಡಿದಳು.

*

ಕಾಶಪ್ಪನ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ. ದೊಡ್ಡದು ಕಾಣುತ್ತಿತ್ತು: ಮನುಷ್ಯರು, ಲೋಕಲ್ ಗಾಡಿ, ಬಾಗಿಲು. ಸಣ್ಣದು ಹೋಗಿಬಿಟ್ಟಿತ್ತು. ಕೀಲಿಯೊಳಗಿನ ಎಲೆಯಂಥ ತಗಡುಗಳು, ಕೀಲಿಕೈಯ ಹಲ್ಲು, ಕಾನಸು ತಿಂದ ಗೆರೆ, ಯಾವುದೂ ಇಲ್ಲ. ಆಪರೇಶನ್ ಅಂದರೆ ಹೆದರುತ್ತಿದ್ದ. ಊರಲ್ಲಿ ಅವನ ಮಾವ ಒಬ್ಬ ಹಾಗೆ ಮಾಡಿಸಿಕೊಂಡು ಇದ್ದ ಕಣ್ಣನ್ನೂ ಕಳೆದುಕೊಂಡಿದ್ದ.

ಅಂದಿನಿಂದ ಹೊರಗಿನ ಕೆಲಸ ಅವನದು, ಒಳಗಿನದು ಇವಳದು. ಅವನು ಮನೆಗಳಿಗೆ ಹೋಗಿ ಬೆರಳಿನಿಂದ ಅಳೆದು ಬರುತ್ತಿದ್ದ. ಇವಳು ಬಾಗಿಲು ಓರೆ ಮಾಡಿಕೊಂಡು, ಈಳಿಗೆಗೆ ಕೂತಂತೆ ಒಂದು ಮೊಣಕಾಲೆತ್ತಿ ಕೂತು, ಮಣೆಗೆ ಹೊಡೆದ ಎರಡು ಮೊಳೆಗಳ ನಡುವೆ ಉಕ್ಕನ್ನು ಸಿಗಿಸಿ ತಿಕ್ಕುತ್ತಿದ್ದಳು. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ. "ಹೂಂ… ಹೂಂ… ಅಲ್ಲಿ ನಿಂದ್ರು. ಬಹಳ ಹ್ವಾದಿ." ಮೊದಲ ವರ್ಷ ಅವನು ತಿದ್ದುತ್ತಿದ್ದ. ಎರಡನೆಯ ವರ್ಷ ಹೂಂಗುಟ್ಟುವುದು ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು. ಒಂದು ದಿನ ಅವಳು ಮುಗಿಸಿ ನೋಡಿದರೆ ಅವನ ಕೆನ್ನೆಯ ಮೇಲೆ ನೀರಿಳಿದಿತ್ತು. ಯಾಕೆಂದು ಕೇಳಿದಳು. "ನನ್ನ ಕೈಯಾಗ ಇದು ಎಂದೂ ಇಷ್ಟು ಸಣ್ಣಗೆ ಹಾಡಿರಲಿಲ್ಲ" ಎಂದ.

ಬೆಳಿಗ್ಗೆ ಸ್ಟೇಶನ್ನಿಗೆ ಹೋಗುವಾಗ ಅವಳು ಊಟದ ಡಬ್ಬಿ ಹಿಡಿದು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ತಗ್ಗು ಬಂದರೆ ಕೆಮ್ಮುತ್ತಿದ್ದಳು. "ಗಂಡನ್ನ ಹಿಂದ ಹಾಕ್ಕೊಂಡು ಹೊಂಟಾಳ ನೋಡ್ರಿ ರಾಣಿ" ಎಂದು ಚಾಳದವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟಳು.

ಒಂದೇ ಒಂದು ಸಲ ಅವನು ಅವಳನ್ನು ಬೇಡಿಕೊಂಡದ್ದು. ಪೂಜೆಗೆ ಕೂತವನು ಲಿಂಗ ಹಿಡಿದ ಕೈಯನ್ನು ಚಾಚಿದ. "ಕಣ್ಣಿಲ್ಲದಾಂವಗ ಯಾರೂ ತಮ್ಮ ಮನೀ ಕೀಲಿ ಕೊಡೂದಿಲ್ಲ ಮಲ್ಲವ್ವ. ಹೆಂಗಸಿಗೆ ಮೊದಲ ಕೊಡೂದಿಲ್ಲ. ಇದು ನಮ್ಮಿಬ್ಬರಾಗ ಇರಲಿ. ಇದನ್ನ ಮುಟ್ಟಿ ಹೇಳು."

ಅವಳು ಮುಟ್ಟಿ ಹೇಳಿದಳು. "ನೀವು ಮಣ್ಣಿಗೆ ಹೋಗೂತನಕ ಯಾರಿಗೂ ಗೊತ್ತ ಮಾಡಿಕೊಡೂದಿಲ್ಲ."

*

ಮಣ್ಣಿಗೆ ಇನ್ನೂ ಮೂರು ತಾಸಿತ್ತು.

ಕಾನಸು ಮತ್ತೊಮ್ಮೆ ಕಿರುಚಿತು. ಮಲ್ಲವ್ವ ಗಂಡನ ಪಾದ ಮುಟ್ಟಿ, ಅವನೊಬ್ಬನಿಗೇ ಕೇಳುವಂತೆ "ತಪ್ಪಾತ್ರಿ" ಎಂದಳು. ಎದ್ದಳು.

"ಯವ್ವಾ, ಏಳಬ್ಯಾಡ. ಹೆಣಾ ಬಿಟ್ಟು ಏಳಬಾರದು" ಎಂದು ಹೆಂಗಸರು ಸೆರಗು ಹಿಡಿದರು. ಅವಳು ಬಿಡಿಸಿಕೊಂಡು ಗ್ಯಾಲರಿಗೆ ಬಂದು ಅಂಗಾರನ ಮುಂದೆ ಕೈ ಚಾಚಿದಳು.

"ಕೊಡು."

ಅಂಗಾರ ಗಾಬರಿಯಾಗಿ ಎದ್ದು ನಿಂತ. "ಮೇಸ್ತ್ರಿಯ ವಸ್ತು ಅಂತ ಬೇಜಾರಾಯ್ತಾ ಅಮ್ಮ? ನಾನು ಜೋಪಾನವಾಗಿಯೇ..."

"ವೈನಿ, ಒಳಗ ನಡೀರಿ" ಎಂದು ಸಿದ್ದಲಿಂಗಪ್ಪ ಅಡ್ಡ ಬಂದ. "ಅಣ್ಣನ ಕೆಲಸ ನಿಲ್ಲಬಾರದು ಅಂತ ನಾನ ಹೇಳೀನಿ. ನಿಮಗ ಇದೆಲ್ಲಾ ತಿಳಿಯೂದಿಲ್ಲ."

ಅವಳು ಅವನ ಕಡೆ ನೋಡಲಿಲ್ಲ. ಅಂಗಾರನ ಕೈಯಿಂದ ನಾಲಿಗೆಯನ್ನೂ ಕಾನಸನ್ನೂ ತೆಗೆದುಕೊಂಡಳು. ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದಳು. ಅಡ್ಡಗೆರೆಗಳು ಬಿದ್ದಿದ್ದವು; ಆಳಕ್ಕೆ ಇಳಿದಿರಲಿಲ್ಲ. ಒಳಗೆ ಹೋಗಿ ಒಲೆಯ ಹಿಂದಿನ ಮಣೆ ಎಳೆದುಕೊಂಡು, ಗಂಡನ ಪಕ್ಕದಲ್ಲೇ, ಒಂದು ಮೊಣಕಾಲೆತ್ತಿ ಕೂತಳು.

ಚನ್ನಬಸಯ್ಯನವರ ಮಂತ್ರ ನಿಂತಿತು.

"ಅಯ್ಯಾರ, ಇದೇನ್ರಿ ಇದು?" ಎಂದ ಸಿದ್ದಲಿಂಗಪ್ಪ ಬಾಗಿಲಿಂದ. "ತಲಿ ಕೆಟ್ಟಿರಬೇಕು. ನೀವಾದ್ರೂ ಹೇಳ್ರಿ. ಇಂಥಾ ಹೊತ್ತಿನಾಗ ಹಿಂಗ ಮಾಡಬಹುದೇನು?"

ಚನ್ನಬಸಯ್ಯ ಮಲ್ಲವ್ವನ ಕೈಗಳನ್ನು ನೋಡಿದರು. "ಇಪ್ಪತ್ತು ವರ್ಷ ಇಂಥಾ ಮನೀಗೆ ಹೊಂಟೀನಿ. ಇದನ್ನ ಎಲ್ಲೂ ನೋಡಿಲ್ಲ. ಮಾಡಬಹುದೊ ಮಾಡಬಾರದೊ, ನನಗ ಗೊತ್ತಿಲ್ಲ ತಮ್ಮಾ" ಎಂದರು. ಎಂದು, ತಾವು ಕೂತ ಚಾಪೆಯನ್ನು ಅವಳಿಗೆ ಬೆಳಕು ಬಿಟ್ಟು ಹಿಂದಕ್ಕೆ ಎಳೆದುಕೊಂಡರು.

ಕಾನಸು ಹಾಡತೊಡಗಿತು.

ಉದ್ದನೆಯ, ಅವಸರವಿಲ್ಲದ ಎಳೆತಗಳು. ಡೊಂಕಿನ ತುದಿಯಲ್ಲಿ ಹುಟ್ಟಿ, ಹೊಟ್ಟೆಯ ಮೇಲಿಂದ ಜಾರಿ, ಬುಡಕ್ಕೆ ಬಂದು ಮುಗಿಯುವ ಸಪ್ಪಳ. ಎಳೆತಕ್ಕೊಮ್ಮೆ ಬಳೆಗಳು ಮಣಿಕಟ್ಟಿಗೆ ಇಳಿದು ಅಡ್ಡ ಬರುತ್ತಿದ್ದವು. ಸಂಜೆಗೆ ಒಡೆಯಬೇಕಾದ ಹಸಿರು ಬಳೆಗಳು. ಎದುರು ಖೋಲಿಯ ಮುದುಕಿ ಚಂದ್ರವ್ವ ಹತ್ತಿರ ಸರಿದು, ಆ ಬಳೆಗಳನ್ನು ಮೊಣಕೈಗೆ ಏರಿಸಿ ತನ್ನ ಕೈಯಿಂದ ಒತ್ತಿ ಹಿಡಿದಳು.

ನಳದ ಹತ್ತಿರದ ಹೆಂಗಸರು ಕೊಡ ಇಟ್ಟು ಬಂದರು. ಬಿದಿರು ಕಟ್ಟುತ್ತಿದ್ದ ಗಿರಣಿಯವರು ಹಗ್ಗ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಯಾರೂ ಒಳಗೆ ಕಾಲಿಡಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತ ಕಾಶಪ್ಪ. ಅವನ ಮಗ್ಗುಲಿಗೆ ತಿಕ್ಕುತ್ತಿರುವ ಮಲ್ಲವ್ವ. ನೋಡಿದವರಿಗೆಲ್ಲ ಒಂದೇ ಗಳಿಗೆಗೆ ತಿಳಿಯಿತು, ಇವರಿಬ್ಬರೂ ಹೀಗೆ ಕೂತದ್ದು ಇದು ಮೊದಲ ಸಲವಲ್ಲ.

"ವೈನಿ…" ಎಂದ ಸಿದ್ದಲಿಂಗಪ್ಪ. ಅವನ ದನಿ ಸಣ್ಣದಾಗಿತ್ತು. "ಇದನ್ನ ನಿಮಗ ಯಾರು ಕಲಿಸಿದ್ರು?"

ಮಲ್ಲವ್ವ ಮತ್ತೊಂದು ಎಳೆತ ಎಳೆದಳು.

"ಆಕೀನ ಏನ ಕೇಳತಿ?" ಎಂದಳು ಚಂದ್ರವ್ವ. "ನನಗ ಎಂದೋ ಗೊತ್ತಾಗಿತ್ತು. ಕಾಶಪ್ಪ ಗಾಡಿ ಹತ್ತಿ ಹ್ವಾದ ಮ್ಯಾಲೂ ಖೋಲ್ಯಾಗ ಸಪ್ಪಳಾ ಬರತಿತ್ತಪಾ. ದೆವ್ವ ಬಂದು ಕೀಲಿ ಮಾಡತೈತೇನು?"

"ಮತ್ತ ಇಷ್ಟು ದಿನಾ ಒಬ್ಬರ ಮುಂದೂ ಅನಲಿಲ್ಲ?"

"ಯಾಕ ಅನಬೇಕು? ಅವರ ಮನೀ ಬಾಗಲಾ ಅವರು ಮುಚ್ಚಿಕೊಂಡಿದ್ರು."

ಹನ್ನೆರಡು ಎಳೆತ. ಮಲ್ಲವ್ವ ನಾಲಿಗೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮಿಡಿದಳು. ಮತ್ತೆರಡು ಎಳೆತ. ಎಣ್ಣೆ ಸವರಿ, ಪೆಟ್ಟಿಗೆಯೊಳಗೆ ಕೂಡಿಸಿ, ಪೇಚು ಬಿಗಿದು, ಕೀಲಿಕೈ ತಿರುವಿದಳು. ಕೊಕ್ಕೆ ಪೆಟ್ಟಿಗೆಯ ಬಾಯಿಂದ ಎದ್ದು, ಕಮಾನಿನಂತೆ ಬಾಗಿ, ಕೆಳಗಿಳಿಯಿತು. ಸಪ್ಪಳವೇ ಇರಲಿಲ್ಲ. ಪರೀಕ್ಷೆಗೆಂದು ಒಂದು ಮರದ ತುಂಡಿಗೆ ಹೊಡೆದಿಟ್ಟಿದ್ದ ತೂತಿನ ಪಟ್ಟಿಯೊಳಗೆ ಅದನ್ನು ಹಾಕಿ, ಮತ್ತೆ ತಿರುವಿ, ಎರಡನ್ನೂ ಅಂಗಾರನ ಕೈಗೆ ಕೊಟ್ಟಳು.

ಅಂಗಾರ ಎಳೆದ. ಗ್ಯಾಲರಿಯ ಕಂಬಕ್ಕೆ ಕಾಲು ಕೊಟ್ಟು ಎಳೆದ. ಅವನ ಕುತ್ತಿಗೆಯ ನರ ಉಬ್ಬಿದವು. ಕಬ್ಬಿಣ ಮರವನ್ನು ಬಿಡಲಿಲ್ಲ.

"ನಾನು ಇದರ ಹೊಟ್ಟೆ ತೆಗೆಯುತ್ತಿದ್ದೆ" ಎಂದ, ಯಾರಿಗೂ ಅಲ್ಲದಂತೆ. "ದೇವರೇ, ನಾನು ಇದರ ಹೊಟ್ಟೆ ತೆಗೆಯುತ್ತಿದ್ದೆ."

ಕೀಲಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಹೊಸ್ತಿಲ ಹೊರಗೆ ನಿಂತೇ ಹೇಳಿದ, "ಮಣ್ಣಿಗೆ ನಾನು ಬರುದಿಲ್ಲ ಅಮ್ಮ. ಹನ್ನೆರಡೂವರೆಯ ಲೋಕಲ್ ಉಂಟು. ಸಾಂತಾಕ್ರೂಜಿನ ಬಾಗಿಲಿಗೆ ಹೋಗ್ತೇನೆ. ತಪ್ಪು ತಿಳೀಬೇಡಿ."

"ಪೇಚು ಮ್ಯಾಲಿಂದ ಬಿಗಿಕೋತ ಬಾ" ಎಂದಳು ಮಲ್ಲವ್ವ. "ಕೆಳಗಿಂದ ಬಿಗದ್ರ ಬಾಗಲಾ ತುಸು ಎತ್ತತೈತಿ. ಆ ಮನೀ ಅಮ್ಮಾರಿಗೆ ಕೀಲಿಕೈ ಎರಡೂ ಕೊಡು. ಒಂದು ನಿನ್ನ ಹಂತ್ಯಾಕ ಉಳೀಬಾರದು."

"ಆಗಲಿ ಮೇಸ್ತ್ರಿ" ಎಂದು ಅಂಗಾರ ಮೆಟ್ಟಿಲಿಳಿದ.

ಆ ಮಾತನ್ನು ಕೇಳಿಸಿಕೊಂಡವರಲ್ಲಿ ಯಾರೂ ನಗಲಿಲ್ಲ.

ಮೂರಕ್ಕೆ ಸ್ವಲ್ಪ ಮೊದಲು ವಿಮಾನ ಬಾಗಿಲಿಗೆ ಬಂತು. ಹೂವು, ಪತ್ರೆ ಏರಿಸಿದ್ದಾಯಿತು. ಕಾಶಪ್ಪನನ್ನು ಎತ್ತಿ ಅದರಲ್ಲಿ ಕೂಡಿಸಿ, ಬೀಳದಂತೆ ಎದೆಗೆ ವಸ್ತ್ರ ಕಟ್ಟಿದರು. ಕಡೆಯ ವಿಭೂತಿಯನ್ನು ಹಚ್ಚುವುದು ಹೆಂಡತಿ. ಚನ್ನಬಸಯ್ಯ ನೀರಿನಲ್ಲಿ ತೇದ ವಿಭೂತಿಯ ಬಟ್ಟಲನ್ನು ಮಲ್ಲವ್ವನ ಮುಂದೆ ಹಿಡಿದರು. ಅವಳು ಮೂರು ಬೆರಳು ಅದ್ದಿ ಗಂಡನ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದಳು. ಗೆರೆಗಳು ಬಿಳಿಯಾಗಿ ಮೂಡಲಿಲ್ಲ. ಅವಳ ಬೆರಳ ಸಂದಿಯ ಎಣ್ಣೆ, ಕಾನಸಿನ ಉಕ್ಕಿನ ಹಿಟ್ಟು, ಎಲ್ಲ ಬೆರೆತು ಮೂರೂ ಗೆರೆ ಬೂದು ಬಣ್ಣಕ್ಕೆ ತಿರುಗಿದವು.

"ಅಯ್ಯಯ್ಯ, ಕೈ ತೊಳಕೊಳ್ಳಲಿಲ್ಲಲ್ಲವ್ವ" ಎಂದು ಒಬ್ಬಳು ಒದ್ದೆ ಬಟ್ಟೆ ಹಿಡಿದು ಮುಂದೆ ಬಂದಳು.

ಚನ್ನಬಸಯ್ಯ ಅವಳ ಕೈ ತಡೆದರು. "ಇರಲಿ" ಎಂದರು.

ನಾಲ್ವರು ಹೆಗಲು ಕೊಟ್ಟರು. ಮುಂದಿನ ಬಿದಿರಿಗೆ ಸಿದ್ದಲಿಂಗಪ್ಪ ನಿಂತ. ವಿಮಾನ ಚಾಳದ ಅಂಗಳ ದಾಟಿ ರಸ್ತೆಗೆ ಬಂದಾಗ, ಮಳೆ ತೊಳೆದ ಬಿಸಿಲು ನೇರ ಕಾಶಪ್ಪನ ಮುಖದ ಮೇಲೆ ಬಿತ್ತು. ದಾರಿಯವರು ಟೊಪ್ಪಿಗೆ ತೆಗೆದು ಬದಿಗೆ ಸರಿದು, ತಲೆಯೆತ್ತಿ ನೋಡಿದರು. ಜನರ ತಲೆಗಳ ಮೇಲೆ ಎತ್ತರದಲ್ಲಿ ಕೂತು ಹೋಗುತ್ತಿದ್ದ ಆ ಮನುಷ್ಯನ ಹಣೆಯಲ್ಲಿ, ಮೂರು ಗೆರೆಗಳ ಉದ್ದಕ್ಕೂ, ಉಕ್ಕಿನ ಕಣಗಳು ಮಿಣಮಿಣ ಹೊಳೆಯುತ್ತಿದ್ದವು.